ಹೊಸ ಹೆಡ್‌ಫೋನ್‌ಗೆ ನೂರು ಗಂಟೆ ‘ಬರ್ನ್ ಇನ್’ ಬೇಕೇ?

ಪ್ರಶ್ನೆ: ಹೋದ ವಾರ ತುಮಕೂರಿನ ಎಂ.ಜಿ. ರಸ್ತೆಯಲ್ಲಿ ಕಿವಿ ಪೂರ್ತಿ ಮುಚ್ಚುವಂಥ ವೈರ್ ಹೆಡ್‌ಫೋನ್ ಕೊಂಡೆ. ಬೇಸ್ ತೀರಾ ಕಡಿಮೆ, ಟ್ರೆಬಲ್ ಕಿವಿಗೆ ಚುಚ್ಚುತ್ತದೆ. ಅಂಗಡಿಯವರನ್ನು ಕೇಳಿದರೆ, ‘ಬರ್ನ್ ಇನ್ ಆಗಿಲ್ಲ, ನೂರು ಗಂಟೆ ಪಿಂಕ್ ನಾಯ್ಸ್ ಹಾಕಿಡಿ, ತಾನಾಗಿ ಸರಿಹೋಗುತ್ತೆ’ ಅಂದರು. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವಾಗ ಕೇಳಲೆಂದೇ ಕೊಂಡಿದ್ದು. ರಾತ್ರಿಯಿಡೀ ಓಡಿಸಲೇ?
– ಓದುಗರು, ಕ್ಯಾತ್ಸಂದ್ರ

ಉತ್ತರ: ಬೇಡ. ಹೊಸ ಹೆಡ್‌ಫೋನನ್ನು ಗಂಟೆಗಟ್ಟಲೆ ಬಾರಿಸಿ ಪಳಗಿಸುವುದಕ್ಕೆ ‘ಬರ್ನ್ ಇನ್’ ಎನ್ನುತ್ತಾರೆ. ಪಿಂಕ್ ನಾಯ್ಸ್ ಎಂದರೆ ಮಳೆ ಸುರಿದಂಥ ಒಂದೇ ಸಮನೆಯ ಸದ್ದು. ಮೊದಲು ಬಿಲ್ ತೆಗೆದು, ಬದಲಾಯಿಸಿಕೊಡುವ ಗಡುವು ಎಂದಿಗೆ ಮುಗಿಯುತ್ತದೆ ನೋಡಿ. ನನಗೆ ಬೇಸರ ತರಿಸುವುದು ಇದೇ: ನೂರು ಗಂಟೆ ಕಾಯುತ್ತ ಕೂತರೆ ಆ ಗಡುವು ಕೈತಪ್ಪಿಹೋಗುತ್ತದೆ, ದೋಷವಿರುವ ಮಾಲು ನಿಮ್ಮ ಬಳಿಯೇ ಉಳಿಯುತ್ತದೆ.

ಅಂಗಡಿಯವರು ಹೇಳಿದ್ದಕ್ಕೆ ಬುಡವೇ ಇಲ್ಲವೆಂದಲ್ಲ. ದೊಡ್ಡ ಸ್ಪೀಕರಿನಲ್ಲಿ ಕೋನ್‌ನ ಅಂಚಿಗೆ ರಬ್ಬರ್ ಇಲ್ಲವೇ ಫೋಮಿನ ಪಟ್ಟಿ, ಹಿಂದೆ ಕಾಯಿಲನ್ನು ನೆಟ್ಟಗೆ ಹಿಡಿಯಲು ‘ಸ್ಪೈಡರ್’ ಎಂಬ ಬಿಗಿ ಬಟ್ಟೆ ಇರುತ್ತದೆ. ಹೊಸದರಲ್ಲಿ ಇವು ಗಟ್ಟಿ. ಒಂದಿಷ್ಟು ಬಾರಿಸಿದ ಮೇಲೆ ಸಡಿಲವಾಗುತ್ತವೆ, ಅಳೆದರೂ ಗೊತ್ತಾಗುತ್ತದೆ. ಹೆಡ್‌ಫೋನಿನಲ್ಲಿ ಸಾಮಾನ್ಯವಾಗಿ ಸ್ಪೈಡರ್ ಇರುವುದಿಲ್ಲ. ಕಂಪಿಸಿ ಸದ್ದು ಹೊರಡಿಸುವ ತೆಳ್ಳನೆಯ ಪ್ಲಾಸ್ಟಿಕ್ ಡಯಾಫ್ರಂ, ಅದಕ್ಕೆ ಅಂಟಿಸಿದ ಕೂದಲೆಳೆಯಂಥ ತಂತಿಯ ಕಾಯಿಲ್, ಒಂದು ಆಯಸ್ಕಾಂತ, ಅಷ್ಟೆ. ಇದರಲ್ಲಿ ಆಗುವ ಬದಲಾವಣೆ ತೀರಾ ಅಲ್ಪ. ಹೆಡ್‌ಫೋನನ್ನು ತೆಗೆದು ಮತ್ತೆ ಹಾಕಿಕೊಂಡಾಗ ಕಪ್ ಅರ್ಧ ಸೆಂಟಿಮೀಟರ್ ಸರಿದರೆ ಧ್ವನಿಯಲ್ಲಿ ಅದಕ್ಕಿಂತ ಹೆಚ್ಚು ವ್ಯತ್ಯಾಸವಾಗುತ್ತದೆ.

‘ತಿಂಗಳಾದ ಮೇಲೆ ನಿಜಕ್ಕೂ ಚೆನ್ನಾಯಿತಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಪ್ಯಾಡಿನೊಳಗಿನ ಫೋಮ್ ಮೈಶಾಖಕ್ಕೆ ಮೆತ್ತಗಾಗಿ ಕಿವಿಯ ಸುತ್ತ ಚೆನ್ನಾಗಿ ಕೂರುತ್ತದೆ, ಬೇಸ್ ಏರುತ್ತದೆ. ಇದು ನೀವು ತಲೆಗೆ ಹಾಕಿಕೊಂಡರೆ ಮಾತ್ರ ಆಗುವಂಥದ್ದು. ಮೇಜಿನ ಮೇಲಿಟ್ಟು ರಾತ್ರಿಯಿಡೀ ನಾಯ್ಸ್ ಹಾಕಿದರೆ ಆಗದು. ಇನ್ನೊಂದು, ನಿಮ್ಮ ಮಿದುಳೇ ಹೊಸ ನಾದಕ್ಕೆ ಒಗ್ಗಿಕೊಳ್ಳುತ್ತದೆ. ಹಳೆಯ ಹೆಡ್‌ಫೋನಿನಲ್ಲಿ ಬೇಸ್ ಜಾಸ್ತಿಯಿದ್ದರೆ ಹೊಸದು ಮೊದಮೊದಲು ಸಪ್ಪೆ ಎನಿಸುವುದು ಸಹಜ.

ಈಗ ನಿಮ್ಮ ಬೇಸ್ ವಿಷಯ. ಮೃದಂಗದ ತನಿ ಆವರ್ತನ ಹಾಕಿ, ಎಡಗೈಯ ತೊಪ್ಪಿಯ ನಾದವನ್ನೇ ಗಮನಿಸುತ್ತ ಎರಡೂ ಕಪ್‌ಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಅದರ ದಪ್ಪ ದನಿ, ಗುಂಕಿ, ತಟ್ಟನೆ ತುಂಬಿಬಂತೇ? ಹಾಗಿದ್ದರೆ ಡ್ರೈವರ್ (ಡಯಾಫ್ರಂ, ಕಾಯಿಲ್, ಆಯಸ್ಕಾಂತ ಸೇರಿದ ಭಾಗ) ಸರಿಯಿದೆ, ಪ್ಯಾಡಿನ ಸಂದಿಯಿಂದ ಗಾಳಿ ಸೋರುತ್ತಿದೆ. ಕನ್ನಡಕ ಹಾಕುವವರಾದರೆ ಅದರ ಕಡ್ಡಿ ಪ್ಯಾಡನ್ನು ಎತ್ತಿಹಿಡಿದಿರುತ್ತದೆ. ತೆಗೆದು ಕೇಳಿ ನೋಡಿ. ಹೆಡ್‌ಬ್ಯಾಂಡನ್ನು ಒಂದೊಂದೇ ಹಲ್ಲು ಸರಿಸಿ ಕಪ್ ಕಿವಿಯ ಸುತ್ತ ಸಮನಾಗಿ ಕೂರಿಸಿ.

ಒಂದು ಕಿವಿಯಲ್ಲಿ ದನಿ ಕಡಿಮೆ ಎನಿಸಿದರೆ ಎಡ–ಬಲ ತಿರುಗಿಸಿ ಹಾಕಿಕೊಳ್ಳಿ. ಕೊರತೆ ಇನ್ನೊಂದು ಕಿವಿಗೆ ದಾಟಿದರೆ ಹೆಡ್‌ಫೋನ್ ಅಥವಾ ಫೋನಿನ ದೋಷ. ಬೇರೆ ಫೋನಿಗೆ ಚುಚ್ಚಿ ನೋಡಿದರೆ ಯಾವುದೆಂದು ತಿಳಿಯುತ್ತದೆ. ಅದೇ ಕಿವಿಯಲ್ಲಿ ಉಳಿದರೆ ಕಿವಿಯಲ್ಲಿ ಗುಗ್ಗೆ ಕಟ್ಟಿರಬಹುದು, ಇಎನ್‌ಟಿ ವೈದ್ಯರಿಗೆ ತೋರಿಸಿ. ಗರಗರ ಸದ್ದು ಬರುತ್ತಿದ್ದರೆ ಇಂದೇ ಅಂಗಡಿಗೆ ಒಯ್ಯಿರಿ. ಕೆರೆಯುವ ಕಾಯಿಲ್ ನಾಯ್ಸ್ ಹಾಕಿದ್ದಕ್ಕೆ ನೆಟ್ಟಗಾಗುವುದಿಲ್ಲ. ಜೋರು ವಾಲ್ಯೂಮಿನಲ್ಲಿ ಗಂಟೆಗಟ್ಟಲೆ ಓಡಿಸಿದರೆ ಚೆನ್ನಾಗಿರುವ ಕಾಯಿಲೂ ಬಿಸಿಯಾಗಿ ಸುಟ್ಟೀತು.

ರೈಲಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಗಾಲಿಗಳ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುತ್ತ ಹೋಗುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಯಸ್ಕರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. 90 ಡೆಸಿಬೆಲ್ ಆದರೆ ಬರೀ 4 ಗಂಟೆ. ತುಮಕೂರು–ಬೆಂಗಳೂರು ಓಡಾಟದಲ್ಲಿ ಆ 4 ಗಂಟೆ ಎರಡೇ ದಿನದಲ್ಲಿ ಮುಗಿದುಹೋದೀತು. ಪ್ಯಾಡ್ ಸರಿಯಾಗಿ ಕೂತರೆ ಹೊರಗಿನ ಸದ್ದು ಒಂದಿಷ್ಟು ತಗ್ಗಿ, ವಾಲ್ಯೂಮ್ ಇಳಿಸಲು ಸಾಧ್ಯವಾಗುತ್ತದೆ.

ಪ್ರಶ್ನೆ: ಬ್ಲೂಟೂತ್ ಇಯರ್‌ಬಡ್ಸ್‌ಗೂ ಬರ್ನ್ ಇನ್ ಮಾಡಬೇಕಾ?
– ಓದುಗರು, ತಿಪಟೂರು

ಉತ್ತರ: ಅವಕ್ಕಂತೂ ಖಂಡಿತ ಬೇಡ. ಅದರ ಪುಟ್ಟ ಲಿಥಿಯಂ ಬ್ಯಾಟರಿ ಇಂತಿಷ್ಟು ಸಲ ಚಾರ್ಜ್ ಆಗುವಷ್ಟೇ ಬಾಳುತ್ತದೆ. ಯಾರೂ ಕೇಳದ ನಾಯ್ಸ್‌ಗೆ ಅದನ್ನು ಸವೆಸುವುದೇಕೆ? ಡಬ್ಬಿಯಲ್ಲಿ ಬಂದ ಮೂರೂ ಅಳತೆಯ ರಬ್ಬರ್ ಟಿಪ್ ಹಾಕಿ ನೋಡಿ. ಎರಡೂ ಕಿವಿಗೆ ಒಂದೇ ಅಳತೆ ಹೊಂದಬೇಕೆಂದೇನಿಲ್ಲ.