ಕಟ್ಟಪ್ಪ ಯಾರ ಕಡೆ? ಗಂಗಾವತಿಯ ಓದುಗರಿಗೆ ಸಂಪಾದಕರ ಉತ್ತರ

ತಂಗಿ, ನಿಮ್ಮ ಪತ್ರ ಹೋದ ಮಂಗಳವಾರ ಬಂತು. ನಾಲ್ಕು ಹಾಳೆ, ಎರಡೂ ಬದಿ. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಹೆಸರು ಹಾಕಬೇಡಿ ಎಂದು ಕೇಳಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೆ ವಿಷಯ ತಿಳಿಯಲಿ ಎಂದು ಮೊದಲು ನಿಮ್ಮ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ.

ಟಿವಿಯಲ್ಲಿ ‘ಬಾಹುಬಲಿ’ ಎರಡೂ ಭಾಗ ಬಂತು, ಮನೆಮಂದಿಯೆಲ್ಲ ಕೂತು ನೋಡಿದಿರಿ. ಮುಗಿದ ಮೇಲೆ ನಿಮಗೂ ನಿಮ್ಮ ಅಣ್ಣನಿಗೂ ಜಗಳ ಹತ್ತಿತು. ಕಟ್ಟಪ್ಪ ಮಾಹಿಷ್ಮತಿ ರಾಜಮನೆತನದ ಗುಲಾಮ ವೀರ. ಅವನು ಮೊದಲಿನಿಂದಲೂ ಒಳಗೊಳಗೆ ಅಮರೇಂದ್ರ ಬಾಹುಬಲಿಯ ದಾಯಾದಿ ಭಲ್ಲಾಳದೇವನ ಮನುಷ್ಯ ಎಂಬುದು ಅಣ್ಣನ ವಾದ. ಇಲ್ಲದಿದ್ದರೆ ಅಮರೇಂದ್ರನ ಬೆನ್ನಿಗೆ ಯಾಕೆ ಇರಿದ? 25 ವರ್ಷ ಅದೇ ಭಲ್ಲಾಳನ ಅರಮನೆಯಲ್ಲಿ ಯಾಕೆ ಇದ್ದ? ಮೇಲಾಗಿ ಹಳೇ ಕಥೆಯನ್ನೆಲ್ಲ ಹೇಳುವವನು ಕಟ್ಟಪ್ಪನೇ, ತನಗೆ ಬೇಕಾದ ಹಾಗೆ ಹೇಳಿರಬಹುದಲ್ಲ? ಹೀಗೆ ಕೇಳುತ್ತಾರೆ ಅವರು. ನೀವು ಒಪ್ಪುವುದಿಲ್ಲ. ಕಟ್ಟಪ್ಪನ ಮನಸ್ಸು ಕೊನೆಯವರೆಗೂ ಅಮರೇಂದ್ರ ಬಾಹುಬಲಿಯ ಕಡೆಗೇ ಇತ್ತು ಎನ್ನುತ್ತೀರಿ. ‘ಅವನ ಕಣ್ಣು ನೋಡಿದರೆ ಸಾಕು ಸರ್, ಗೊತ್ತಾಗುತ್ತೆ’ ಎಂದು ಬರೆದಿದ್ದೀರಿ. ಸಹಿಯ ಕೆಳಗೆ ಸಣ್ಣಕ್ಷರದಲ್ಲಿ ನಿಮ್ಮ ಅವ್ವ ಹೇಳಿದ ಒಂದು ಮಾತೂ ಇದೆ: ‘ಜೀತಕ್ಕಿದ್ದವನು ಯಾರ ಕಡಿ ಅಂತ ಕೇಳ್ತೀರಲ್ಲ, ಅವನಿಗೆ ಕಡಿ ಅಂತ ಎಲ್ಲಿರ್ತೈತಿ?’

ತೀರ್ಪು ನಾನೇ ಕೊಡಬೇಕು ಎಂದಿದ್ದೀರಿ. ಹೇಳುತ್ತೇನೆ. ಅಣ್ಣನ ಮಾತು ತಪ್ಪು. ನಿಮ್ಮ ಮಾತು ಅರ್ಧ ಸರಿ, ಆದರೆ ಅದಕ್ಕೆ ನೀವು ಕೊಟ್ಟ ಕಾರಣ ನಿಲ್ಲುವುದಿಲ್ಲ. ಅವ್ವನ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಮೊದಲ ಭಾಗ ತೆರೆಗೆ ಬಂದದ್ದು 2015ರ ಜುಲೈ 10ರಂದು. ಎರಡನೆಯದು 2017ರ ಏಪ್ರಿಲ್ 28ರಂದು. ನಡುವೆ ಸುಮಾರು 21 ತಿಂಗಳು. ಕಟ್ಟಪ್ಪ ಬಾಹುಬಲಿಯನ್ನು ಯಾಕೆ ಕೊಂದ? ಆ ದಿನಗಳಲ್ಲಿ ಬಳ್ಳಾರಿಯಲ್ಲಿ ಮಿರ್ಚಿ, ಒಗ್ಗರಣೆ ಹಾಕುವ ಅಂಗಡಿಗೆ ಹೋದರೂ ಇದೇ ಮಾತು, ಕಟಿಂಗ್ ಅಂಗಡಿಗೆ ಹೋದರೂ ಇದೇ ಮಾತು. ನಮ್ಮ ಕಡೆ ತೆಲುಗು ಸಿನಿಮಾ ಬೇರೆಯವರ ಸಿನಿಮಾ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಬಳ್ಳಾರಿ 1953ರವರೆಗೆ ಮದ್ರಾಸ್ ರಾಜ್ಯದಲ್ಲೇ ಇದ್ದ ಊರು. ಎರಡೂ ಭಾಷೆ ಒಂದೇ ಮನೆಯಲ್ಲಿ ಓಡಾಡುತ್ತವೆ. ಹಾಗಾಗಿ ಊಹೆಗಳೂ ಎರಡು ಭಾಷೆಯಲ್ಲಿ ಹುಟ್ಟಿದವು. ಬಾಹುಬಲಿ ಸತ್ತೇ ಇಲ್ಲ ಎಂದವರಿದ್ದರು. ಕಟ್ಟಪ್ಪನಿಗೆ ಮಾಟ ಮಾಡಿಸಿದ್ದಾರೆ ಎಂದವರಿದ್ದರು. ಭಲ್ಲಾಳ ಅವನಿಗೆ ಬಿಡುಗಡೆಯ ಆಸೆ ತೋರಿಸಿದ್ದಾನೆ ಎಂದು ಬಾಜಿ ಕಟ್ಟಿದವರೂ ಇದ್ದರು.

ನನಗೆ ಬೇಸರ ಆಗುತ್ತಿದ್ದದ್ದು ಊಹೆಯ ಬಗ್ಗೆ ಅಲ್ಲ. ಊಹೆ ಇಲ್ಲದೆ ಕಥೆ ನೋಡುವುದಕ್ಕೆ ಆಗುತ್ತದೆಯೇ? ಅರ್ಧ ಉತ್ತರ ಮೊದಲ ಭಾಗದಲ್ಲೇ ಇತ್ತು, ಅದನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಅದೇ ಬೇಸರ.

ಆ ದೃಶ್ಯ ನೆನಪು ಮಾಡಿಕೊಳ್ಳಿ. ನಮ್ಮ ಸುದೀಪ್ ಇರುವ ದೃಶ್ಯ. ದೂರದೇಶದಿಂದ ಬಂದ ಅಸ್ಲಂ ಖಾನ್ ತನ್ನ ಕತ್ತಿಯ ಬಗ್ಗೆ ಹೆಮ್ಮೆಪಡುತ್ತಾನೆ. ಅದನ್ನು ಮೀರಿಸುವ ಕತ್ತಿ ಇಲ್ಲೇ ಇದೆ ಎಂದು ಕಟ್ಟಪ್ಪ ಕತ್ತಿಗೆ ಕತ್ತಿ ಹಿಡಿದು ತೋರಿಸುತ್ತಾನೆ. ಖಾನನಿಗೆ ಸಿಟ್ಟು ಬರುವುದಿಲ್ಲ, ಮೆಚ್ಚುಗೆ ಬರುತ್ತದೆ. ಇಂಥ ವೀರ ಗುಲಾಮನಾಗಿದ್ದಾನಲ್ಲ ಎಂದು ಮರುಗುತ್ತಾನೆ. ನಿನ್ನನ್ನು ಬಿಡಿಸಿಕೊಂಡು ಹೋಗುತ್ತೇನೆ, ಬಾ ಎನ್ನುತ್ತಾನೆ. ಕಟ್ಟಪ್ಪ ಒಪ್ಪುವುದಿಲ್ಲ. ಮಾಹಿಷ್ಮತಿಯ ಸಿಂಹಾಸನಕ್ಕೆ ತನ್ನ ಹಿರಿಯರು ಮಾತು ಕೊಟ್ಟಿದ್ದಾರೆ, ತನ್ನ ವಂಶ ಅದಕ್ಕೆ ಕಟ್ಟುಬಿದ್ದಿದೆ ಎನ್ನುತ್ತಾನೆ. ಗಮನಿಸಿ, ಭಲ್ಲಾಳನ ಹೆಸರು ಬರುವುದಿಲ್ಲ, ಸಿಂಹಾಸನದ ಹೆಸರು ಬರುತ್ತದೆ. ದುಡ್ಡಿನ ಆಸೆ, ಬಿಡುಗಡೆಯ ಆಸೆ ಎಂಬ ಊಹೆಗಳೆಲ್ಲ ಈ ಒಂದು ದೃಶ್ಯಕ್ಕೆ ಬಿದ್ದುಹೋಗುತ್ತವೆ. ಬಿಡುಗಡೆ ಅವನ ಎದುರಿಗೇ ಬಂದು ನಿಂತಿತ್ತು. ಅವನು ಬೇಡ ಎಂದ.

ಇದೇ ದೃಶ್ಯದ ಮೇಲೆ ಇನ್ನೊಂದು ಊಹೆಯೂ ಹುಟ್ಟಿತ್ತು. ಕಷ್ಟ ಬಂದರೆ ಕರೆ ಎಂದು ಖಾನ್ ಹೇಳಿ ಹೋಗುತ್ತಾನಲ್ಲ, ಎರಡನೇ ಭಾಗದಲ್ಲಿ ಸುದೀಪ್ ಸೈನ್ಯ ತಗೊಂಡು ಬಂದೇ ಬರುತ್ತಾರೆ ಎಂದು ನಮ್ಮ ಹುಡುಗರು ಕಾದಿದ್ದರು. ಬರಲೇ ಇಲ್ಲ. ಆದರೆ ಈ ಊಹೆಯನ್ನು ನಾನು ತಪ್ಪು ಎನ್ನುವುದಿಲ್ಲ. ಅದಕ್ಕೆ ತೆರೆಯ ಮೇಲೆ ಆಧಾರ ಇತ್ತು, ಒಂದು ಮಾತು ಇತ್ತು. ಕಥೆ ಬೇರೆ ದಾರಿ ಹಿಡಿಯಿತು, ಅಷ್ಟೆ. ಆಧಾರ ಇದ್ದು ಸುಳ್ಳಾದ ಊಹೆ ಬೇರೆ, ಆಧಾರವೇ ಇಲ್ಲದೆ ಹುಟ್ಟಿದ ಊಹೆ ಬೇರೆ.

ಈಗ ಅಣ್ಣನ ವಾದಕ್ಕೆ ಬರೋಣ. ಕಟ್ಟಪ್ಪ ಭಲ್ಲಾಳನ ಮನುಷ್ಯನೇ ಆಗಿದ್ದರೆ ಭಲ್ಲಾಳ ಮತ್ತು ಅವನ ಅಪ್ಪ ಬಿಜ್ಜಳದೇವ ಅಷ್ಟು ದೊಡ್ಡ ಸಂಚು ಮಾಡುವ ಅಗತ್ಯ ಏನಿತ್ತು? ‘ಹೋಗು, ಮುಗಿಸಿ ಬಾ’ ಎಂದರೆ ಸಾಕಿತ್ತು. ಅವರು ಏನು ಮಾಡಿದರು ನೋಡಿ. ಅಮರೇಂದ್ರನ ಹೆಂಡತಿ ದೇವಸೇನೆಯ ಕಡೆಯ ಕುಮಾರವರ್ಮನನ್ನು ನಂಬಿಸಿ, ಭಲ್ಲಾಳನನ್ನು ಕೊಲ್ಲಲು ಬರುವಂತೆ ಮಾಡಿದರು. ಅದರ ಹಿಂದೆ ಬಾಹುಬಲಿ ಇದ್ದಾನೆ ಎಂದು ಅಮರೇಂದ್ರನನ್ನು ಸಾಕಿದ ರಾಜಮಾತೆ ಶಿವಗಾಮಿಯ ತಲೆಗೆ ತುಂಬಿದರು. ಕೊಲ್ಲುವ ಆಜ್ಞೆ ಶಿವಗಾಮಿಯ ಬಾಯಿಂದಲೇ ಬರಬೇಕಿತ್ತು. ಯಾಕೆ? ಕಟ್ಟಪ್ಪ ತಮ್ಮ ಮಾತು ಕೇಳುವುದಿಲ್ಲ, ರಾಜಮಾತೆಯ ಮಾತು ಮೀರುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕಟ್ಟಪ್ಪ ಯಾರವನು ಎಂದು ನಮಗಿಂತ ಜಾಸ್ತಿ ಅವನ ಶತ್ರುಗಳಿಗೇ ತಿಳಿದಿತ್ತು. ಅಣ್ಣನಿಗೆ ಈ ಮಾತನ್ನು ಓದಿ ಹೇಳಿ. ಉತ್ತರ ಏನು ಕೊಡುತ್ತಾರೋ ನನಗೂ ಕುತೂಹಲ.

ಆಜ್ಞೆ ಬಂದಾಗಲೂ ಕಟ್ಟಪ್ಪ ಸುಮ್ನೆ ತಲೆಯಾಡಿಸಿ ಹೊರಡುವುದಿಲ್ಲ. ಬೇಡಿಕೊಳ್ಳುತ್ತಾನೆ. ನೀನು ಕೊಲ್ಲುತ್ತೀಯೋ, ನಾನೇ ಕೊಲ್ಲಲೋ ಎಂದು ಶಿವಗಾಮಿ ಕೇಳಿದ ಮೇಲೆ ಅವನಿಗೆ ದಾರಿ ಮುಚ್ಚುತ್ತದೆ. ತಾಯಿಯ ಕೈಗೆ ಮಗನ ರಕ್ತ ಅಂಟಬಾರದು ಎಂದು ಆ ಪಾಪ ತಾನು ಹೊತ್ತುಕೊಳ್ಳುತ್ತಾನೆ. ಬೆನ್ನಿಗೆ ಇರಿದದ್ದು ನಿಜ. ಎದುರಿಗೆ ನಿಂತು ‘ಮಾಮ’ ಎನ್ನುವವನ ಮೇಲೆ ಅವನ ಕತ್ತಿ ಎದ್ದೀತೇ ಎಂದು ನಾನು ಕೇಳಬಹುದು. ಆದರೆ ಅದು ನನ್ನ ಊಹೆ, ಹಾಗೆಂದೇ ಇಟ್ಟುಕೊಳ್ಳಿ. ತೆರೆಯ ಮೇಲೆ ಕಾಣುವುದು ಮುಂದಿನದು. ಸಾಯುತ್ತಿರುವ ಅಮರೇಂದ್ರ ಅಮ್ಮನನ್ನು ನೋಡಿಕೋ ಎಂದು ಅದೇ ಮಾಮನಿಗೇ ಒಪ್ಪಿಸುತ್ತಾನೆ. ಭಲ್ಲಾಳನ ಬಾಯಿಂದಲೇ ಸಂಚು ತಿಳಿದಾಗ ಕಟ್ಟಪ್ಪ ಅದನ್ನು ಮುಚ್ಚಿಡದೆ ಶಿವಗಾಮಿಗೆ ತಲುಪಿಸುತ್ತಾನೆ. ಭಲ್ಲಾಳನ ಮನುಷ್ಯ ಹೀಗೆ ಮಾಡುತ್ತಾನೆಯೇ?

ಕಥೆ ಹೇಳುವವನು ಕಟ್ಟಪ್ಪನೇ, ಸುಳ್ಳು ಹೇಳಿರಬಹುದು ಎಂಬ ಮಾತು ಜಾಣತನದ್ದು. ನಿಮ್ಮ ಅಣ್ಣ ಚೆನ್ನಾಗಿ ಯೋಚನೆ ಮಾಡುತ್ತಾರೆ. ಆದರೆ ಹೇಳುವವನು ಸುಳ್ಳು ಹೇಳುತ್ತಿದ್ದಾನೆ ಎನ್ನಬೇಕಾದರೆ ಸಿನಿಮಾ ಎಲ್ಲಾದರೂ ಒಂದು ಕಡೆ ಅದನ್ನು ತೋರಿಸಿಕೊಡಬೇಕು. ಇನ್ನೊಬ್ಬರ ಮಾತು ಅಡ್ಡ ಬರಬೇಕು, ಒಂದು ವಸ್ತು ಸಾಕ್ಷಿ ಹೇಳಬೇಕು. ಇಲ್ಲಿ ಅಂಥದ್ದು ಒಂದೂ ಇಲ್ಲ. ಕಟ್ಟಪ್ಪ ಇಲ್ಲದಿದ್ದಾಗ ಬಿಜ್ಜಳ, ಭಲ್ಲಾಳ ಇಬ್ಬರೇ ಕೂತು ಆಡಿದ ಮಾತನ್ನೂ ನಾವು ನೋಡುತ್ತೇವೆ. ‘ಹಾಗೂ ಇರಬಹುದಲ್ಲ’ ಎಂಬುದು ಸಾಕ್ಷಿ ಆಗುವುದಾದರೆ ಯಾವ ಕಥೆಯಲ್ಲಿ ಯಾರನ್ನು ಬೇಕಾದರೂ ಕಳ್ಳ ಮಾಡಬಹುದು.

ಈ ಜಗಳ ನಮಗೆ ಹೊಸದಲ್ಲ. ಪಂಪ 941ರಲ್ಲಿ ಬರೆದ ಭಾರತದಲ್ಲಿ ಒಂದು ಪದ್ಯ ಇದೆ. ನೆತ್ತದಾಟ (ಪಗಡೆಯಾಟ), ಸೋತ ಭಾನುಮತಿ, ಹರಿದ ಹಾರ, ಚೆಲ್ಲಿದ ಮುತ್ತು. ದುರ್ಯೋಧನನ ಹೆಂಡತಿ ಭಾನುಮತಿಯ ಜೊತೆ ಆಡುತ್ತಿದ್ದವನು ಕರ್ಣನೋ ದುರ್ಯೋಧನನೋ? ಪದ್ಯ ಬಿಡಿಸಿ ಹೇಳುವುದಿಲ್ಲ. ಅದರ ಮೇಲೆ ನಮ್ಮ ಪಂಡಿತರು ಸಾಕಷ್ಟು ವಾದ ಮಾಡಿದ್ದಾರೆ, ಮಾಡಲಿ. ಆದರೆ ಕರ್ಣ ಯಾರ ಕಡೆ ಎಂಬ ಬಗ್ಗೆ ಆ ಪಂಡಿತರಲ್ಲಿ ಜಗಳವೇ ಇಲ್ಲ. ಇಂಥ ದೊರೆಯನ್ನು ಬಿಟ್ಟು ನಿಮ್ಮ ಕಡೆ ಸೇರಿದರೆ ನಾನು ಕೀಳಾಗುವುದಿಲ್ಲವೇ ಎಂದು ಅದೇ ಪದ್ಯದ ಕೊನೆಯಲ್ಲಿ ಕರ್ಣನೇ ಕೃಷ್ಣನನ್ನು ಕೇಳುತ್ತಾನೆ. ಮುತ್ತು ಚೆಲ್ಲಿಸಿದ್ದು ಯಾರು ಎಂಬುದು ಮಬ್ಬು. ಮನಸ್ಸು ಎಲ್ಲಿದೆ ಎಂಬುದು ಬೆಳಕಿನಷ್ಟು ಸ್ಪಷ್ಟ.

ಇನ್ನು ನಿಮ್ಮ ‘ಕಣ್ಣು’. ತಂಗಿ, ಇದನ್ನು ನಾನು ಒಪ್ಪಲಾರೆ. ಎದೆ ಸೀಳಿ ರಾಮನನ್ನು ತೋರಿಸುವ ಹನುಮನ ಪಟ ನಿಮ್ಮ ಮನೆಯಲ್ಲೂ ಇರಬಹುದು, ಅಂಜನಾದ್ರಿ ಪಕ್ಕದಲ್ಲೇ ಅಲ್ವಾ. ಎಲ್ಲ ಪಾತ್ರಗಳೂ ಹಾಗೆ ಎದೆ ತೆರೆದು ತೋರಿಸುವುದಿಲ್ಲ. ನೀವು ಆ ಕಣ್ಣಲ್ಲಿ ದುಃಖ ನೋಡಿದಿರಿ. ನಿಮ್ಮ ಅಣ್ಣ ಅದೇ ಕಣ್ಣಲ್ಲಿ ಕಪಟ ನೋಡಿದರು. ಇಬ್ಬರೂ ನೋಡಿದ್ದು ಒಂದೇ ಕಣ್ಣು. ಅಲ್ಲದೆ ಅದು ನಟನ ಕಣ್ಣು. ಎರಡನೇ ಭಾಗ ಬಿಡುಗಡೆಯಾಗುವ ಹೊತ್ತಿಗೆ ಏನಾಯಿತು ನೆನಪಿದೆಯಾ? ಕಾವೇರಿ ಬಗ್ಗೆ ಕಟ್ಟಪ್ಪನ ಪಾತ್ರ ಮಾಡಿದ ಸತ್ಯರಾಜ್ ಒಂಬತ್ತು ವರ್ಷದ ಹಿಂದೆ ಆಡಿದ ಮಾತಿಗೆ ನಮ್ಮ ರಾಜ್ಯದಲ್ಲಿ ವಿರೋಧ ಎದ್ದಿತು. ಅವರು ವಿಷಾದ ಹೇಳಿದ ಮೇಲೆ ಸಿನಿಮಾ ಬಂತು. ಸತ್ಯರಾಜ್ ಮೇಲಿನ ಸಿಟ್ಟನ್ನು ಕಟ್ಟಪ್ಪನ ಮೇಲೆ ಹಾಕಿ, ಅವನು ದ್ರೋಹಿಯೇ ಇರಬೇಕು ಎಂದವರನ್ನು ನಾನು ಕಂಡಿದ್ದೇನೆ. ನಟನ ಮುಖ ನೋಡಿ ಪಾತ್ರಕ್ಕೆ ತೀರ್ಪು ಬರೆದರೆ ಹೀಗಾಗುತ್ತದೆ.

ತೊಗಲುಗೊಂಬೆ ಆಟ ನೋಡಿದ್ದೀರಾ? ನಿಮ್ಮ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಅದಕ್ಕೇ 2025ರಲ್ಲಿ ಪದ್ಮಶ್ರೀ ಬಂತು. ಗೊಂಬೆಯ ಮುಖ ತೊಗಲು. ಬಣ್ಣ ಹಾಕಿದ ಕಣ್ಣು ಒಮ್ಮೆ ಹಾಕಿದರೆ ಮುಗಿಯಿತು, ಅಳುವಾಗಲೂ ಅದೇ, ನಗುವಾಗಲೂ ಅದೇ. ರಾವಣನ ಸಭೆಯಲ್ಲಿ ಕೂತ ವಿಭೀಷಣನಿಗೂ ರಾಮನ ಪಕ್ಕ ನಿಂತ ವಿಭೀಷಣನಿಗೂ ಮುಖದಲ್ಲಿ ವ್ಯತ್ಯಾಸವಿಲ್ಲ. ಗೊಂಬೆ ಪರದೆಯ ಒಂದು ಬದಿಯಿಂದ ಹೊರಟು ಇನ್ನೊಂದು ಬದಿಗೆ ಹೋಗಿ ನಿಲ್ಲುತ್ತದೆ. ಅಷ್ಟಕ್ಕೇ ಊರಿನ ಜನಕ್ಕೆಲ್ಲ ಅರ್ಥವಾಗುತ್ತದೆ. ಕಟ್ಟಪ್ಪನನ್ನೂ ಒಮ್ಮೆ ಹಾಗೆ ನೋಡಿ. ಅವನ ಕಣ್ಣು ಬಿಡಿ. ಎಲ್ಲಿ ನಿಲ್ಲುತ್ತಾನೆ, ಯಾರ ಕಾಲು ತಲೆಯ ಮೇಲೆ ಇಟ್ಟುಕೊಳ್ಳುತ್ತಾನೆ, ಅದನ್ನು ನೋಡಿ. ಶಿವಗಾಮಿ ಅಮರೇಂದ್ರನ ಮಗುವನ್ನು ಎತ್ತಿ ಹಿಡಿದು ಇವನೇ ರಾಜ ಎಂದು ಸಾರುತ್ತಾಳೆ. ಅದೇ ಮಗು ಬೆಳೆದು ಎದುರಿಗೆ ನಿಂತಾಗ ಕಟ್ಟಪ್ಪ ಆಯುಧ ಬಿಟ್ಟು, ಮಂಡಿಯೂರಿ, ಅವನ ಪಾದವನ್ನು ತನ್ನ ತಲೆಯ ಮೇಲೆ ಇಟ್ಟುಕೊಳ್ಳುತ್ತಾನೆ. ಅವನು ಪಕ್ಷ ಬದಲಿಸಲಿಲ್ಲ. ರಾಜಮಾತೆ ಹೆಸರಿಟ್ಟ ರಾಜ ಬದುಕಿದ್ದಾನೆ ಎಂದು ಆಗ ತಿಳಿಯಿತು.

ಉಳಿದದ್ದು ಆ 25 ವರ್ಷ. ದೇವಸೇನೆ ಸರಪಳಿಯಲ್ಲಿ ಕೂತು ಚಿತೆಗೆ ಕಡ್ಡಿ ಕೂಡಿಸುತ್ತಿದ್ದಳು. ಕಟ್ಟಪ್ಪ ಅದೇ ಅರಮನೆಯಲ್ಲಿ ಓಡಾಡುತ್ತಿದ್ದ. ರಾತ್ರಿ ಅವನಿಗೆ ನಿದ್ದೆ ಬರುತ್ತಿತ್ತೇ? ಈ ಬಗ್ಗೆ ಸಿನಿಮಾ ಹೆಚ್ಚು ಹೇಳುವುದಿಲ್ಲ. ಇಲ್ಲಿ ನೀವು ಊಹೆ ಮಾಡಬಹುದು, ಅಣ್ಣನೂ ಮಾಡಬಹುದು, ನಾನೂ ಮಾಡುತ್ತೇನೆ. ಮಗು ಸತ್ತಿದೆ, ಉಳಿದದ್ದು ಬರೀ ಸಿಂಹಾಸನ ಎಂದು ಅವನು ನಂಬಿದ್ದ ಅಂತ ನನಗೆ ಅನಿಸುತ್ತದೆ. ಅನಿಸುತ್ತದೆ, ಅಷ್ಟೇ.

ಈಗ ಅವ್ವನ ಮಾತು. ಪತ್ರ ಓದಿ ಮಡಚಿಟ್ಟ ಮೇಲೆ ನನ್ನನ್ನು ಬಿಡದೆ ಕಾಡಿದ್ದು ಆ ಒಂದು ಸಾಲು.

ಹಳಗನ್ನಡದಲ್ಲಿ ಜೋಳವಾಳಿ ಎಂಬ ಮಾತಿದೆ. ಯಾರ ಜೋಳ ಉಂಡೆವೋ ಅವರಿಗೆ ಜೀವ ಕೊಡುವುದು. ವೀರಗಲ್ಲುಗಳ ಕಾಲದ ಮಾತು. ಜೋಳದ ರೊಟ್ಟಿ ತಿನ್ನುವ ನಮಗೆ ಈ ಮಾತು ಕೇಳಿದರೆ ಮೈ ಜುಮ್ ಎನ್ನುತ್ತದೆ. ಕಟ್ಟಪ್ಪನನ್ನು ನಾನೂ ಇಷ್ಟು ದಿನ ಅದೇ ಸಾಲಿನಲ್ಲಿ ನಿಲ್ಲಿಸಿದ್ದೆ.

ನಾನು ಹುಡುಗನಾಗಿದ್ದಾಗ, ರಾಯಚೂರು ಜಿಲ್ಲೆಯ ನಮ್ಮ ಊರಲ್ಲಿ, ಜಮೀನಿದ್ದವರ ಮನೆಯೊಂದರಲ್ಲಿ ಒಬ್ಬರು ಇದ್ದರು. ಅಪ್ಪ ಮಾಡಿದ ಸಾಲಕ್ಕೆ ಇವರು ದುಡಿಯುತ್ತಿದ್ದರು. ಇಂಥ ನಂಬಿಗಸ್ಥ ಸಿಗುವುದಿಲ್ಲ ಎಂದು ಆ ಮನೆಯವರು ಬಂದವರಿಗೆಲ್ಲ ಹೇಳುತ್ತಿದ್ದರು. ಕಣಜದ ಕೀಲಿ ಇವರ ಉಡಿದಾರಕ್ಕೇ ಇರುತ್ತಿತ್ತು. ಊಟ ಮಾತ್ರ ಕೊಟ್ಟಿಗೆಯ ಕಟ್ಟೆಯ ಮೇಲೆ. ಅವರದೇ ಒಂದು ಅಲ್ಯೂಮಿನಿಯಂ ತಾಟು, ಅಂಚು ನೆಗ್ಗಿದ್ದು. ಉಂಡ ಮೇಲೆ ತಾವೇ ತೊಳೆದು ಹೊರಗಿನ ಗೋಡೆಯ ಗೂಡಿನಲ್ಲಿ ಬೋರಲು ಇಡುತ್ತಿದ್ದರು. ಜೀತ ರದ್ದು ಮಾಡಿದ ಕಾಯ್ದೆ ಬಂದದ್ದು 1976ರಲ್ಲಿ. ಅದಾದ ಮೇಲೂ ಕೆಲವು ವರ್ಷ ಆ ತಾಟು ಅದೇ ಗೂಡಿನಲ್ಲಿತ್ತು. ಇನ್ನು ನೀನು ಹೋಗಬಹುದಲ್ಲ ಎಂದು ಯಾರೋ ಕೇಳಿದಾಗ ‘ಎಲ್ಲಿಗೆ?’ ಎಂದು ತಿರುಗಿ ಕೇಳಿದ್ದರು. ನಾನು ಅಲ್ಲೇ ನಿಂತಿದ್ದೆ.

ಅವ್ವನ ಮಾತು ಓದಿದ ಮೇಲೆ ಆ ಕತ್ತಿಯ ದೃಶ್ಯವನ್ನು ಮತ್ತೆ ಹಾಕಿ ನೋಡಿದೆ. ಮಾತು ಕೊಟ್ಟವರು ಕಟ್ಟಪ್ಪನ ಹಿರಿಯರು. ಅವನು ಕೊಟ್ಟದ್ದಲ್ಲ. ಇದು ಊಹೆ ಅಲ್ಲ, ತೆರೆಯ ಮೇಲೇ ಇದೆ. ಇಷ್ಟು ಸಲ ನೋಡಿಯೂ ನಾನು ಅದನ್ನು ಅವನ ನಿಷ್ಠೆಗೆ ಸಾಕ್ಷಿ ಎಂದೇ ಹಿಡಿದಿದ್ದೆ. ನಿಮ್ಮ ಅವ್ವ ಅದರಲ್ಲಿ ಬೇರೆಯದನ್ನು ಕಂಡಿದ್ದಾರೆ. ನನ್ನ ತೀರ್ಪಿನ ಈ ಭಾಗವನ್ನು ನಾನು ತಿದ್ದಿಕೊಳ್ಳುತ್ತಿದ್ದೇನೆ. ಕಟ್ಟಪ್ಪ ಸಿಂಹಾಸನದ ಕಡೆ ಇದ್ದ ಎಂಬುದು ನಿಜ. ಅದನ್ನು ಅವನು ಆರಿಸಿಕೊಂಡ ಎಂದು ಇನ್ನು ಮುಂದೆ ನಾನು ಬರೆಯುವುದಿಲ್ಲ.

ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟ ಅವ್ವನಿಗೆ ಇಟ್ಟಿದ್ದೇನೆ. ಅವರನ್ನು ಕೂರಿಸಿಕೊಂಡು ಆ ದೃಶ್ಯ ಮತ್ತೆ ತೋರಿಸಿ. ಅವರು ಹೇಳಲಿ, ನೀವು ಬರೆದುಕೊಳ್ಳಿ. ‘ಐತಿ’ ಎಂದಿದ್ದನ್ನು ‘ಇದೆ’ ಎಂದು ತಿದ್ದಬೇಡಿ, ಅವರ ಬಾಯಿಂದ ಬಂದ ಹಾಗೇ ಕಳಿಸಿ. 20ನೇ ತಾರೀಖಿನ ಒಳಗೆ ನನ್ನ ಕೈಸೇರಿದರೆ ಸಾಕು.

ಸಂಪಾದಕ
ಬಳ್ಳಾರಿ