ಮೇಷ್ಟ್ರೇ, ಒಂದು ಪ್ರಶ್ನೆ: ಅಟ್ಲಾಸ್ ಎತ್ತಿಡಲಾ?

ಹೋದ ತಿಂಗಳು ಈ ಅಂಕಣದಲ್ಲಿ ನಮ್ಮ ನದಿಗಳ ಬಗ್ಗೆ ಬರೆಯುತ್ತಾ, ಮಧ್ಯೆ ನನ್ನ ಮಗನ ವಿಷಯ ನಾಲ್ಕು ಸಾಲು ಹಾಕಿದ್ದೆ. ಅವನಿಗೆ ಆಟಿಸಂ (ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ, ಜನರ ಜೊತೆ ಮಾತುಕತೆ ಕಷ್ಟ) ಇದೆ, ಈಗ ವಯಸ್ಸು 29, ಭೂಪಟ ಸಿಕ್ಕರೆ ಇವತ್ತಿಗೂ ಊಟ ಮರೆಯುತ್ತಾನೆ ಅಂತ. ನದಿ ಬಗ್ಗೆ ಬಂದಿದ್ದು ಒಂದು ಕಾರ್ಡು, ಮಗನ ಬಗ್ಗೆ ರಾಶಿ ಪತ್ರ. ಹಾಗಾಗಿ ಈ ಸಲ ಪೂರ್ತಿ ಅದೇ. ನಾನು ಡಾಕ್ಟರ್ ಅಲ್ಲ, ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ರಿಟೈರ್ ಆದವನು. ಅಷ್ಟು ನೆನಪಿಟ್ಟುಕೊಂಡು ಓದಿ.

ಪ್ರಶ್ನೆ: ಮೇಷ್ಟ್ರೇ, ನನ್ನ ಮಗನಿಗೆ ಒಂಬತ್ತು ವರ್ಷ. ನಾಲ್ಕು ವರ್ಷದವನಿದ್ದಾಗ ಮೈಸೂರಿನಲ್ಲಿ ತೋರಿಸಿದೆವು, ಆಟಿಸಂ ಅಂದರು. ಮಾತು ಬಂದಿದೆ, ಆದರೆ ಮಾತೆಲ್ಲ ಬರೀ ರಸ್ತೆ, ನದಿ, ತಾಲ್ಲೂಕು. ಮನೆಗೆ ಬಂದವರನ್ನು "ಊಟ ಆಯ್ತಾ" ಅಂತ ಕೇಳುವುದಿಲ್ಲ, "ನಿಮ್ಮೂರಿನ ಪಿನ್ ಕೋಡ್ ಏನು" ಅಂತ ಕೇಳುತ್ತಾನೆ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಹಾಸನ ಜಿಲ್ಲೆಯ ಎಂಟೂ ತಾಲ್ಲೂಕು ಬರೆಯುತ್ತಾನೆ, ಯಾರಾದರೂ ತುಳಿದರೆ ಕಿರುಚುತ್ತಾನೆ. ಹೋದ ಆಷಾಢದಲ್ಲಿ ಧರ್ಮಸ್ಥಳಕ್ಕೆ ಹೊರಟೆವು. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದಿದೆ ಅಂತ ಬಸ್ಸು ಬೇಲೂರು, ಮೂಡಿಗೆರೆ ಮೇಲೆ ಚಾರ್ಮಾಡಿ ಕಡೆ ತಿರುಗಿತು. ಒಂದು ಗಂಟೆ ಅತ್ತ. ಬಸ್ಸಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಮ್ಮತ್ತೆ, ಆ ಅಟ್ಲಾಸ್ ಎತ್ತಿಡು, ಎಲ್ಲ ಸರಿ ಹೋಗುತ್ತದೆ ಅನ್ನುತ್ತಾರೆ. ಎತ್ತಿಡಲಾ?
ಒಬ್ಬ ತಾಯಿ, ಹಾಸನ

ಉತ್ತರ: ಎತ್ತಿಡಬೇಡಿ ತಾಯಿ. ನಾನು ಎತ್ತಿಟ್ಟು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಮಗ ಏಳನೇ ಕ್ಲಾಸಿನಲ್ಲಿದ್ದಾಗ, ಪರೀಕ್ಷೆ ಮುಗಿಯಲಿ ಅಂತ ಅವನ ಅಟ್ಲಾಸನ್ನು ಅಟ್ಟಕ್ಕೆ ಹಾಕಿದೆ. ಭೂಗೋಳದ ಮೇಷ್ಟ್ರೇ ಮಗನ ಭೂಪಟ ಬಚ್ಚಿಟ್ಟ, ನೋಡಿ. ಓದು ಜಾಸ್ತಿ ಆಗಲಿಲ್ಲ. ನಿದ್ದೆ ಹೋಯಿತು, ಮಾತು ನಿಂತಿತು, ಕೊನೆಗೆ ಹಿತ್ತಲ ಗೋಡೆ ಮೇಲೆ ಇದ್ದಿಲಿನಲ್ಲಿ ಕಾವೇರಿಯನ್ನು ಅದರ ಉಪನದಿಗಳ ಸಮೇತ ಬರೆದಿಟ್ಟ. ಗೋಡೆಗೆ ಸುಣ್ಣ ಹೊಡೆದಿದ್ದು ನಾನೇ. ಒಂಬತ್ತನೇ ದಿನ ಅಟ್ಟ ಹತ್ತಿದ್ದೂ ನಾನೇ.

ಆಟಿಸಂ ಇರುವವರ ಗಮನ ಹರಿಯುವ ರೀತಿಯೇ ಬೇರೆ ಅಂತ ಒಂದು ವಿವರಣೆ ಇದೆ. ಡೈನಾ ಮರ್ರಿ, ಮೈಕ್ ಲೆಸ್ಸರ್, ವೆನ್ ಲಾಸನ್ ಎನ್ನುವವರು 2005ರಲ್ಲಿ ಅದರ ಬಗ್ಗೆ ಒಂದು ಲೇಖನ ಬರೆದರು. ಲಾಸನ್ ಅವರಿಗೆ ಸ್ವತಃ ಆಟಿಸಂ ಇದೆ. ಇದಕ್ಕೆ ಮಾನೊಟ್ರೋಪಿಸಂ ಅನ್ನುತ್ತಾರೆ. ಹೆಸರು ಬಿಡಿ, ವಿಷಯ ನಮ್ಮ ಕೆರೆಯದೇ. ನಾವೆಲ್ಲ ಕೆರೆ ನೀರನ್ನು ಹತ್ತು ಕಾಲುವೆಗೆ ಸ್ವಲ್ಪ ಸ್ವಲ್ಪ ಬಿಡುವವರು. ಇವರದು ಒಂದೇ ತೂಬು, ಎತ್ತಿದರೆ ಅಷ್ಟೂ ನೀರು ಅಲ್ಲೇ. ಆ ತೂಬು ಮುಚ್ಚಿದಿರಿ ಅಂತ ನೀರು ಪಕ್ಕದ ಗದ್ದೆಗೆ ಹೋಗುವುದಿಲ್ಲ, ಏರಿ ಒಡೆಯುತ್ತದೆ.

ಆ ತೂಬು ಎಲ್ಲರಿಗೂ ಭೂಪಟವೇ ಆಗಿರಬೇಕಿಲ್ಲ. ಕೆಲವರಿಗೆ ರೈಲು, ಕೆಲವರಿಗೆ ಫ್ಯಾನು, ಡೈನೋಸಾರು, ಕ್ಯಾಲೆಂಡರು. ಆದರೆ ಭೂಪಟಕ್ಕೆ ಯಾಕೆ ಇಷ್ಟು ಮಕ್ಕಳು ಅಂಟಿಕೊಳ್ಳುತ್ತಾರೆ ಅಂತ ತುಂಬಾ ಯೋಚಿಸಿದ್ದೇನೆ, ನನ್ನ ಲೆಕ್ಕ ಇದು. ಜನರ ಮಾತು ಅಳತೆಗೆ ಸಿಗುವುದಿಲ್ಲ. ಮಲೆನಾಡಿನಲ್ಲಿ ದಾರಿ ಕೇಳಿ ನೋಡಿ, "ಇಲ್ಲೇ, ಒಂದು ಕೂಗಳತೆ" ಅಂತಾರೆ, ಮೂರು ಮೈಲಿ ನಡೆಸುತ್ತಾರೆ. ಬಾಯಿ ಬಲಕ್ಕೆ ಅನ್ನುತ್ತದೆ, ಕೈ ಎಡಕ್ಕೆ ತೋರಿಸುತ್ತದೆ. "ಸಂಜೆ ಬರ್ತೀನಿ" ಅಂದವರು ಬರುವುದೇ ಇಲ್ಲ. ನಮಗೆ ಇದು ಅಭ್ಯಾಸ ಆಗಿದೆ. ಮಾತಿನ ಹಿಂದಿನ ಮಾತು ಸುಲಭವಾಗಿ ಹಿಡಿಯಲಾಗದ ಮಗುವಿಗೆ ದಿನವಿಡೀ ಇದೇ ಪೇಚಾಟ. ಸರ್ವೆ ಆಫ್ ಇಂಡಿಯಾದ ಐವತ್ತು ಸಾವಿರಕ್ಕೊಂದು ಅಳತೆಯ ಹಾಳೆ ತೆಗೆಯಿರಿ, ಎರಡು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. ನಿನ್ನೆಯೂ ಅಷ್ಟೇ, ನಾಳೆಯೂ ಅಷ್ಟೇ. ಅದು ಮುಖ ಗಂಟಿಕ್ಕುವುದಿಲ್ಲ.

ಅದರ ಮೇಲೆ ನಿಯಮಗಳ ರುಚಿ ಬೇರೆ. 2010ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ನಂಬರು ಕೊಟ್ಟರಲ್ಲ, ಉತ್ತರ ದಕ್ಷಿಣ ಓಡುವುದಕ್ಕೆ ಸಮ ಸಂಖ್ಯೆ, ಪೂರ್ವ ಪಶ್ಚಿಮ ಓಡುವುದಕ್ಕೆ ಬೆಸ ಸಂಖ್ಯೆ. ಮೂರಂಕಿ ಇದ್ದರೆ ಅದು ಕವಲು, ಕೊನೆಯ ಎರಡಂಕಿ ತಾಯಿ ರಸ್ತೆಯದು. ಹಾಗಾಗಿ ಬೇಲೂರಿನಿಂದ ಹಾಸನ, ಹೊಳೆನರಸೀಪುರದ ಮೇಲೆ ಬಿಳಿಕೆರೆಗೆ ಹೋಗುವ 373, ಚಾರ್ಮಾಡಿ ಹತ್ತುವ 73ರ ಮಗಳು. ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ನನಗೂ ಗೊತ್ತಿರಲಿಲ್ಲ, ಮಗ ಹೇಳಿದ. ಹೊಸ ಜಾಗ ಅಂದರೆ ಹೆದರುವ ಹುಡುಗ, ಕಂಡೇ ಇರದ ಊರಿನ ರಸ್ತೆ ಯಾವ ದಿಕ್ಕಿಗೆ ಓಡುತ್ತದೆ ಅಂತ ನಂಬರು ನೋಡಿ ಹೇಳಬಲ್ಲ ಅಂದರೆ ಅದು ಅವನಿಗೆ ಎಷ್ಟು ಧೈರ್ಯ, ಯೋಚಿಸಿ.

ಈಗ ಬಸ್ಸು. ಅವನು ಹಟ ಮಾಡಿದ್ದಲ್ಲ. ಸಕಲೇಶಪುರ, ದೋಣಿಗಾಲ್, ಗುಂಡ್ಯ ಅಂತ ತಲೆಯಲ್ಲಿ ದಾರಿ ಹಾಸಿಕೊಂಡು ಕೂತಿದ್ದ, ಅದನ್ನು ಹೇಳದೆ ಕೇಳದೆ ಕಿತ್ತುಬಿಟ್ಟರು. ಮುಂದಿನ ಸಲ ಹೊರಡುವ ಹಿಂದಿನ ದಿನವೇ ಅವನ ಕೈಯಲ್ಲಿ ಎರಡು ದಾರಿ ಬರೆಸಿ, ಶಿರಾಡಿಗೆ ಕೆಂಪು, ಚಾರ್ಮಾಡಿಗೆ ನೀಲಿ. ಮಳೆ ಜಾಸ್ತಿ ಆದರೆ ನೀಲಿ ಅಂತ ಅವನೇ ಹೇಳಲಿ. ಬದಲಾವಣೆಯೂ ಭೂಪಟದೊಳಗೇ ಇದ್ದರೆ ಅಳು ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲುತ್ತದೆ ಅಂತ ಮಾತು ಕೊಡಲಾರೆ. ಬಸ್ಸಿನವರು ನೋಡಲಿ ಬಿಡಿ.

ಪಿನ್ ಕೋಡ್ ಕೇಳುವುದು ಅವನ "ಊಟ ಆಯ್ತಾ". 573201 ಅಂತ ಉತ್ತರ ಕೊಡಿ, ಆಮೇಲೆ ನಿಮ್ಮದೂ ಒಂದು ಪ್ರಶ್ನೆ ಕೇಳಿ, ಅಜ್ಜಿ ಊರು ಯಾವ ತಾಲ್ಲೂಕು, ಅಲ್ಲಿ ಯಾರ್‍ಯಾರು ಇದ್ದಾರೆ ಅಂತ. ನನ್ನ ಮಗನಿಗೆ ನೆಂಟರೆಲ್ಲ ಮೊದಲು ಊರುಗಳು, ಆಮೇಲೆ ಮನುಷ್ಯರು. ಅರಕಲಗೂಡು ಚಿಕ್ಕಪ್ಪ, ಕಡೂರು ಅತ್ತೆ. ಅಲ್ಲ, ನಾವೂ ಹಾಗೇ ತಾನೇ ಕರೆಯುವುದು!

ಒಂದು ಎಚ್ಚರಿಕೆ ಮಾತ್ರ ಇರಲಿ. ದಾರಿ ಗೊತ್ತಿರುವ ಮಗು ಒಂದು ದಿನ ಸುಮ್ನೆ ಎದ್ದು ಹೊರಟುಬಿಡಬಹುದು. ದಾರಿ ಗೊತ್ತಿರುವುದೇ ಬೇರೆ, ಎದುರಿಗೆ ಲಾರಿ ಬಂದಾಗ ಸರಿಯುವುದೇ ಬೇರೆ. ಜೇಬಿನಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ ಹಾಕಿ, ಬೀದಿಯ ಅಂಗಡಿಯವರಿಗೂ ಆಟೋದವರಿಗೂ ಹೇಳಿಡಿ.

ಪ್ರಶ್ನೆ: ನಮ್ಮ ಮೊಮ್ಮಗನೂ ನಿಮ್ಮ ಮಗನ ಹಾಗೇ. ಪ್ರಪಂಚದ ಎಲ್ಲ ದೇಶದ ರಾಜಧಾನಿ ಹೇಳುತ್ತಾನೆ. ಟಿವಿಗೆ ಕಳಿಸಿ ಅಂತ ಊರವರು ಅನ್ನುತ್ತಾರೆ. ಇದು ದೈವದತ್ತ ಶಕ್ತಿಯೇ?
ಒಬ್ಬ ಅಜ್ಜ, ಅರಕಲಗೂಡು

ಉತ್ತರ: ಇಷ್ಟಪಟ್ಟು ಕಲಿತಿದ್ದಾನೆ ಯಜಮಾನರೇ, ಅಷ್ಟೇ ಅನ್ನಿ. ಲಂಡನ್ನಿನಲ್ಲಿ ಸ್ಟೀಫನ್ ವಿಲ್ಟ್‌ಶೈರ್ ಅಂತ ಚಿತ್ರಕಾರರಿದ್ದಾರೆ, ಅವರಿಗೂ ಆಟಿಸಂ. ಹೆಲಿಕಾಪ್ಟರಿನಲ್ಲಿ ಒಂದು ಸುತ್ತು ಹಾಕಿ ಬಂದು 2005ರಲ್ಲಿ ಟೋಕಿಯೊ ನಗರವನ್ನು ನೆನಪಿನಿಂದಲೇ ಬರೆದರು. ಅಂಥವರು ಅಪರೂಪ. ಉಳಿದವರು ಹಾಗಿರುವುದಿಲ್ಲ, ಹಾಗಿರಬೇಕು ಅಂತ ಕಾಯುವುದೂ ತಪ್ಪು. ಟಿವಿ ಮಾತು ಆಮೇಲೆ. ಆ ದೀಪ, ಆ ಚಪ್ಪಾಳೆ ಸದ್ದು ಅವನಿಗೆ ಆಗುತ್ತದಾ, ಅವನನ್ನೇ ಕೇಳಿ.

ಪ್ರಶ್ನೆ: ಮೇಷ್ಟ್ರೇ, ನನಗೆ 44. ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ಯಾವ ಹಳ್ಳ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ ಅಂತ ಹುಡುಕುವುದು ಚಿಕ್ಕಂದಿನಿಂದ ಹುಚ್ಚು. ಹದಿನೇಳು ನೋಟ್‌ಬುಕ್ ತುಂಬಿವೆ. ಮದುವೆ ಮನೆಗೆ ಹೋದರೆ ಅರ್ಧ ಗಂಟೆಗೆ ತಲೆ ಸಿಡಿಯುತ್ತದೆ, ಛತ್ರದ ಹಿಂದೆ ಹೋಗಿ ನಿಲ್ಲುತ್ತೇನೆ. ನಿಮ್ಮ ಮಗನ ಬಗ್ಗೆ ಓದಿ ನನ್ನ ಹೆಂಡತಿ "ಇದು ನೀವೇ" ಅಂದಳು. ಹೌದಾ? ಈ ವಯಸ್ಸಿನಲ್ಲಿ ತಿಳಿದು ಪ್ರಯೋಜನವಾದರೂ ಏನು?

ಉತ್ತರ: ಹೌದಿರಬಹುದು, ಇಲ್ಲದೆಯೂ ಇರಬಹುದು. ಬರೀ ಹಳ್ಳದ ಹುಚ್ಚಿನಿಂದ ತೀರ್ಮಾನ ಆಗುವುದಾದರೆ ನಾವು ಭೂಗೋಳದ ಮೇಷ್ಟ್ರುಗಳೆಲ್ಲ ಸಾಲಾಗಿ ನಿಲ್ಲಬೇಕಾಗುತ್ತದೆ. ಡಾಕ್ಟರುಗಳು ಇಟ್ಟುಕೊಳ್ಳುವ ಡಿಎಸ್‌ಎಂ-5 ಅಂತ ಕೈಪಿಡಿ ಇದೆ, 2013ರದ್ದು. ಅದರಲ್ಲಿ ಇಂಥ ತೀವ್ರ ಆಸಕ್ತಿ ಒಂದು ಲಕ್ಷಣ ಮಾತ್ರ. ಜನರ ಜೊತೆ ಕೊಡು-ಕೊಳ್ಳುವ ಮಾತುಕತೆಯಲ್ಲಿ ಕಷ್ಟ ಇದೆಯಾ, ಚಿಕ್ಕಂದಿನಿಂದಲೇ ಇತ್ತಾ, ದಿನದ ಬದುಕಿಗೆ ತೊಡಕಾಗಿದೆಯಾ, ಅದನ್ನೂ ನೋಡುತ್ತಾರೆ. ಸದ್ದು, ಬೆಳಕು ಅತಿಯಾಗಿ ಹಿಂಸೆ ಮಾಡುವುದೂ ಆ ಪಟ್ಟಿಯಲ್ಲಿದೆ. ಅದಕ್ಕೇ ನಿಮ್ಮ ಪತ್ರದಲ್ಲಿ ನನಗೆ ಹದಿನೇಳು ನೋಟ್‌ಬುಕ್ಕಿಗಿಂತ ಛತ್ರದ ಹಿಂಭಾಗ ಮುಖ್ಯ ಅನ್ನಿಸಿತು.

ಲಿಯೋ ಕ್ಯಾನರ್ ಅನ್ನುವ ಮಕ್ಕಳ ಮನೋವೈದ್ಯರು ಅಮೆರಿಕದಲ್ಲಿ ಆಟಿಸಂ ಇರುವ 11 ಮಕ್ಕಳ ಬಗ್ಗೆ ಬರೆದಿದ್ದು 1943ರಲ್ಲಿ. ನೀವು ಸ್ಕೂಲಿಗೆ ಹೋಗುವಾಗ ಅದಕ್ಕೆ ನಲವತ್ತು ವರ್ಷ ಆಗಿತ್ತು, ಆದರೂ ನಮ್ಮ ಸ್ಟಾಫ್ ರೂಮಿನಲ್ಲಿ ಆ ಪದ ಕೇಳಿದವರು ಯಾರೂ ಇರಲಿಲ್ಲ, ನಾನೂ ಸೇರಿ. ಹುಡುಗ ಒಂಥರಾ, ಅಂದು ಮುಗಿಸುತ್ತಿದ್ದೆವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕೇಳಿ, ಇಲ್ಲವೇ ಹತ್ತಿರದ ಮನೋವೈದ್ಯರನ್ನು ಕಾಣಿ. ಬಾಲ್ಯದ ವಿಷಯ ಕೇಳುತ್ತಾರೆ, ಅಮ್ಮನನ್ನೋ ಅಕ್ಕನನ್ನೋ ಕರೆದುಕೊಂಡು ಹೋಗಿ. ಪ್ರಯೋಜನ ಕೇಳಿದಿರಿ. ಛತ್ರದ ಹಿಂದೆ ನಿಲ್ಲುವಾಗ ನಾಚಿಕೆ ಇರುವುದಿಲ್ಲ, ನನಗೆ ಅದೇನೂ ಸಣ್ಣದು ಅನ್ನಿಸುವುದಿಲ್ಲ.

ಅಲ್ಲದೆ ನಿಮ್ಮ ಜಿಲ್ಲೆಯಲ್ಲಿ ಹುಟ್ಟಿ ಹೊಳೆ ಹುಚ್ಚು ಹಿಡಿಯದಿದ್ದರೇ ಆಶ್ಚರ್ಯ. ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ಅಕ್ಕತಂಗಿಯರು ಇಬ್ಬರು ಕೂಡ್ಲಿಯಲ್ಲಿ ಕೂಡಿ ಪೂರ್ವಕ್ಕೆ ಹೋದರೆ, ಇನ್ನೊಬ್ಬಳು ಘಟ್ಟ ಇಳಿದು ಅರಬ್ಬಿ ಸಮುದ್ರಕ್ಕೆ. ಬಾಬಾಬುಡನ್‌ಗಿರಿ ಸಾಲಿನ ಯಗಚಿ ಹೇಮಾವತಿಗೆ ಸೇರಿ ಕಾವೇರಿಯ ಪಾಲು, ಅದೇ ಸಾಲಿನ ವೇದಾವತಿ ಕಡೂರಿನ ಬಯಲಿಗೆ ಇಳಿದು ತುಂಗಭದ್ರೆಯ ಪಾಲು. ನಿಮ್ಮ ತೋಟದ ಹಳ್ಳ ಯಾರ ಪಾಲು? ಆ ನೋಟ್‌ಬುಕ್ಕಿನ ಜೆರಾಕ್ಸ್ ಕಳಿಸಿ.

ಪ್ರಶ್ನೆ: ತಮ್ಮನಿಗೆ ಆಟಿಸಂ, ಪಿಯುಸಿ ಮುಗಿಸಿದ್ದಾನೆ. ದಿನವಿಡೀ ದಿಶಾಂಕ್ ಆ್ಯಪ್‌ನಲ್ಲಿ ಊರೂರಿನ ಸರ್ವೆ ನಂಬರ್ ನೋಡುತ್ತಾನೆ. ಸರ್ವೆಯರ್ ಮಾಡಿಸೋಣವಾ?
ಅಕ್ಕ, ಚನ್ನರಾಯಪಟ್ಟಣ

ಉತ್ತರ: ಹದ್ದುಬಸ್ತಿಗೆ ಹೋದ ಸರ್ವೆಯರನ್ನು ನೋಡಿದ್ದೀಯಾ ಮಗಳೇ? ಚೈನು ಎಳೆಯುವುದು ಹತ್ತು ನಿಮಿಷ, ಎರಡೂ ಕಡೆಯವರ ಬೈಗುಳ ಎರಡು ಗಂಟೆ. ಕೂತು ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಜಿಐಎಸ್ ಕೆಲಸ ನೋಡು. ನನ್ನ ಮಗ ಮನೆಯಲ್ಲೇ ಕೂತು ಉಪಗ್ರಹ ಚಿತ್ರದ ಮೇಲೆ ಕೆರೆಗಳ ಅಂಚು ಗುರುತಿಸುತ್ತಾನೆ. ಮೊದಲ ಇಂಟರ್ವ್ಯೂನಲ್ಲಿ "ನಿಮ್ಮ ಬಗ್ಗೆ ಹೇಳಿ" ಅಂದಿದ್ದಕ್ಕೆ, "13 ಡಿಗ್ರಿ ಉತ್ತರ, 76 ಡಿಗ್ರಿ ಪೂರ್ವದ ಹತ್ತಿರ ಹುಟ್ಟಿದೆ" ಅಂದ. ಆ ಕೆಲಸ ಸಿಗಲಿಲ್ಲ. ಎರಡನೇ ಕಡೆ ಮಾತು ಬಿಟ್ಟು ಕೆಲಸ ಮಾಡಿಸಿ ನೋಡಿದರು, ಸಿಕ್ಕಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಅಂಗವೈಕಲ್ಯದ ಸರ್ಟಿಫಿಕೇಟಿನಲ್ಲಿ ಶೇಕಡ 40 ಅಥವಾ ಜಾಸ್ತಿ ಇದ್ದರೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿಯೂ ಇದೆ. ಅದನ್ನು ಈಗಲೇ ಮಾಡಿಸಿಡು.

ಕೊನೆಗೆ, ಮೇಲೆ ಹೇಳಿದ ಆ ಒಂದು ಕಾರ್ಡು: ಹೋದ ತಿಂಗಳು ಹೇಮಾವತಿ ಸಕಲೇಶಪುರ ತಾಲ್ಲೂಕಿನಲ್ಲಿ ಹುಟ್ಟುತ್ತದೆ ಅಂತ ಬರೆದಿದ್ದೀರಿ. ತಪ್ಪು. ಮೂಡಿಗೆರೆ ತಾಲ್ಲೂಕು, ಜಾವಳಿ ಹತ್ತಿರ, ಬಲ್ಲಾಳರಾಯನ ದುರ್ಗ. ಸರಿ ಮಾಡಿ.
12 ವರ್ಷ, ಬೇಲೂರು

ಉತ್ತರ: ಸರಿ ಮಾಡಿದ್ದೇನೆ ಮರಿ. ನನ್ನ ಮಗನೂ ಇದನ್ನೇ ಹೇಳಿದ, ಅಚ್ಚಿಗೆ ಹೋದ ಮೇಲೆ.