ಹಸ್ತಪ್ರತಿ ಇದ್ದ ಮೇಲೆ ಸಂಪಾದಕ ಯಾಕೆ ಬೇಕು?

ನೀವು ಕೇಳಿರುವುದು ಇಷ್ಟು: ಹದಿನಾಲ್ಕನೇ ಶತಮಾನದ ಇಂಗ್ಲಿಷ್ ಕಾವ್ಯದ ಮುಖಪುಟದಲ್ಲಿ ಕವಿಯ ಜೊತೆ ಸಂಪಾದಕನ ಹೆಸರೂ ಇರುತ್ತದೆ. ಹಸ್ತಪ್ರತಿ ಗ್ರಂಥಾಲಯದಲ್ಲಿ ಭದ್ರವಾಗಿರುವಾಗ, ಅದನ್ನು ನೋಡಿ ಅಚ್ಚು ಹಾಕಿಸಿದವರಿಗೆ ಅಷ್ಟು ಮರ್ಯಾದೆ ಯಾಕೆ?

ಮೊದಲು ನನ್ನದೊಂದು ಮರುಪ್ರಶ್ನೆ. ಯಾವ ಹಸ್ತಪ್ರತಿ? ವಿಲಿಯಂ ಲ್ಯಾಂಗ್ಲೆಂಡನ ‘ಪಿಯರ್ಸ್ ಪ್ಲೌಮನ್’ ಕಾವ್ಯವನ್ನೇ ತೆಗೆದುಕೊಳ್ಳಿ. ಕವಿಯ ಕೈಬರಹದ ಪ್ರತಿ ಸಿಕ್ಕಿಲ್ಲ. ಲಿಪಿಕಾರರು ನಕಲು ಮಾಡಿದ ಐವತ್ತಕ್ಕೂ ಹೆಚ್ಚು ಹಸ್ತಪ್ರತಿಗಳು ಉಳಿದಿವೆ, ಅವುಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಲಿಪಿಕಾರ ತನ್ನ ಊರಿನ ಆಡುಮಾತಿಗೆ ಶಬ್ದಗಳನ್ನು ತಿರುಗಿಸಿಕೊಳ್ಳುತ್ತಿದ್ದ, ಕಣ್ಣು ತಪ್ಪಿ ಸಾಲು ಬಿಡುತ್ತಿದ್ದ, ಅರ್ಥವಾಗದ ಕಡೆ ತನಗೆ ಸರಿಕಂಡದ್ದನ್ನು ಬರೆಯುತ್ತಿದ್ದ. ಆ ಕಾಲದ ಬರವಣಿಗೆಯಲ್ಲಿ ಐ, ಎನ್, ಎಂ, ಯು ಅಕ್ಷರಗಳೆಲ್ಲ ಒಂದೇ ಬಗೆಯ ಗಿಡ್ಡ ಗೀಟುಗಳಿಂದ ಆಗುತ್ತಿದ್ದವು. ನಾಲ್ಕೈದು ಗೀಟು ಒಟ್ಟಿಗೆ ಬಂದರೆ ಅದು ಯಾವ ಪದವೆಂದು ಹೇಳುವುದೇ ಕಷ್ಟ.

ಇಂಥ ರಾಶಿಯ ಮುಂದೆ ಕೂತವರು ವಾಲ್ಟರ್ ಸ್ಕೀಟ್ (1835–1912). ಪಾದ್ರಿಯಾಗಿದ್ದ ಅವರು ಅನಾರೋಗ್ಯದಿಂದ ಆ ವೃತ್ತಿ ಬಿಟ್ಟು ಕೇಂಬ್ರಿಜ್‌ನಲ್ಲಿ ಗಣಿತ ಕಲಿಸಲು ಬಂದರು. 1864ರಲ್ಲಿ ಫ್ರೆಡರಿಕ್ ಫರ್ನಿವಾಲ್ ಅವರು ‘ಅರ್ಲಿ ಇಂಗ್ಲಿಷ್ ಟೆಕ್ಸ್ಟ್ ಸೊಸೈಟಿ’ ಕಟ್ಟಿದ್ದರು. ಆಗ ಸಿದ್ಧವಾಗುತ್ತಿದ್ದ ದೊಡ್ಡ ಇಂಗ್ಲಿಷ್ ನಿಘಂಟಿಗೆ ಹಳೆಯ ಪ್ರಯೋಗಗಳು ಬೇಕಿದ್ದವು, ಆದರೆ ಹಳೆಯ ಕೃತಿಗಳೇ ಅಚ್ಚಾಗಿರಲಿಲ್ಲ. ಸದಸ್ಯರಿಂದ ವರ್ಷಕ್ಕೊಂದು ಗಿನಿ ಚಂದಾ ಪಡೆದು ಅವನ್ನು ಒಂದೊಂದಾಗಿ ಹೊರತರುವುದು ಸೊಸೈಟಿಯ ಕೆಲಸ. ಹಸ್ತಪ್ರತಿ ಓದಲು ತನಗೆ ಬರುವುದಿಲ್ಲ ಎಂದು ಸ್ಕೀಟ್ ಹಿಂಜರಿದಾಗ, ಕಲಿತರಾಯಿತು ಎಂದು ಫರ್ನಿವಾಲ್ ಕೆಲಸ ಹೊರಿಸಿಯೇಬಿಟ್ಟರು. ಆ ಒತ್ತಾಯಕ್ಕೆ ಇಂಗ್ಲಿಷ್ ಸಾಹಿತ್ಯ ಋಣಿಯಾಗಿರಬೇಕು ಎಂದೇ ನನ್ನ ಭಾವನೆ.

ಸ್ಕೀಟ್ ಹಸ್ತಪ್ರತಿಗಳನ್ನು ಹೋಲಿಸುತ್ತ ಹೋದಂತೆ, ವ್ಯತ್ಯಾಸಗಳೆಲ್ಲ ಲಿಪಿಕಾರರ ತಪ್ಪುಗಳಲ್ಲ ಎಂಬುದು ಸ್ಪಷ್ಟವಾಯಿತು. ಕವಿ ತನ್ನ ಕಾವ್ಯವನ್ನು ಮತ್ತೆ ಮತ್ತೆ ತಿದ್ದಿ ಬರೆದಿದ್ದ. ಮೊದಲನೆಯದು ಸುಮಾರು 2,500 ಸಾಲು, ಆಮೇಲಿನ ಎರಡು ಏಳು ಸಾವಿರ ಸಾಲು ದಾಟುತ್ತವೆ. ಸ್ಕೀಟ್ ಇವನ್ನು ಎ, ಬಿ, ಸಿ ಎಂದು ಕರೆದು 1867, 1869, 1873ರಲ್ಲಿ ಬೇರೆಬೇರೆ ಸಂಪುಟಗಳಾಗಿ ಸಂಪಾದಿಸಿದರು. 1886ರಲ್ಲಿ ಮೂರನ್ನೂ ಜೊತೆಜೊತೆಗೆ ಇಟ್ಟು ಆಕ್ಸ್‌ಫರ್ಡ್‌ನಿಂದ ಪ್ರಕಟಿಸಿದರು. ಇವತ್ತಿಗೂ ಎಲ್ಲರೂ ಬಳಸುವುದು ಅದೇ ಎ, ಬಿ, ಸಿ.

ಇದರಿಂದ ಏನಾಯಿತು ಎಂಬುದಕ್ಕೆ ಒಂದು ಉದಾಹರಣೆ ನೋಡಿ. ಕಾವ್ಯದ ನಡುವೆ ಒಂದು ಪ್ರಸಂಗ ಬರುತ್ತದೆ. ನೇಗಿಲ ಹಿಡಿವ ಪಿಯರ್ಸನಿಗೆ ‘ಸತ್ಯ’ ಎಂಬ ಪಾತ್ರದಿಂದ ಒಂದು ಕ್ಷಮಾಪತ್ರ, ಅಂದರೆ ಪಾಪಗಳಿಗೆ ಕ್ಷಮೆ ಕೊಡುವ ಪತ್ರ, ಬರುತ್ತದೆ. ಪಾದ್ರಿಯೊಬ್ಬ ಓದಿ ನೋಡಿ, ಇದರಲ್ಲಿ ಕ್ಷಮೆಯೇ ಇಲ್ಲವಲ್ಲ ಎನ್ನುತ್ತಾನೆ. ಎ ಮತ್ತು ಬಿ ಪಾಠಗಳಲ್ಲಿ ಪಿಯರ್ಸ್ ಸಿಟ್ಟಿನಿಂದ ಅದನ್ನು ಹರಿದು ಹಾಕುತ್ತಾನೆ. ಸಿ ಪಾಠದಲ್ಲಿ ಹರಿಯುವ ಮಾತೇ ಇಲ್ಲ. ಇಂಗ್ಲೆಂಡಿನ 1381ರ ರೈತ ದಂಗೆಯ ಹೊತ್ತಿಗೆ, ದಂಗೆಯ ಮುಂದಾಳುಗಳಲ್ಲೊಬ್ಬನಾದ ಪಾದ್ರಿ ಜಾನ್ ಬಾಲ್ ಹೆಸರಿನ ಪತ್ರಗಳಲ್ಲಿ ಪಿಯರ್ಸನ ಹೆಸರು ಓಡಾಡಿತ್ತು. ಅದರಿಂದಲೇ ಕವಿ ಹಿಂಜರಿದನೇ ಎಂದು ಕೇಳುವವರಿದ್ದಾರೆ. ಮೂರು ಪಾಠಗಳನ್ನು ಕಲಸಿ ಒಂದು ಮಾಡಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಸಾಲುಸಾಲಿನ ತೀರ್ಮಾನ ಇನ್ನೂ ಸೂಕ್ಷ್ಮ. ಈ ಕಾವ್ಯದ ಪ್ರತಿ ಸಾಲಿನಲ್ಲೂ ಸಾಮಾನ್ಯವಾಗಿ ಮೂರು ಒತ್ತುಳ್ಳ ಪದಗಳು ಒಂದೇ ಧ್ವನಿಯಿಂದ ಶುರುವಾಗಬೇಕು. ಮೊದಲ ಸಾಲು ‘ಇನ್ ಎ ಸೋಮರ್ ಸೇಸನ್’ ಎಂದು ಹಿಡಿದು ಕೊನೆಯವರೆಗೆ ‘ಸ’ಕಾರದಲ್ಲೇ ಸಾಗುತ್ತದೆ. ಎಲ್ಲಾದರೂ ಧ್ವನಿ ತಪ್ಪಿದರೆ ಅಲ್ಲಿ ಲಿಪಿಕಾರನ ಕೈಯಾಡಿದೆಯೇ ಎಂಬ ಅನುಮಾನ ಏಳುತ್ತದೆ. ನಮ್ಮ ಹಳಗನ್ನಡ ಪದ್ಯದಲ್ಲಿ ಎರಡನೆಯ ಅಕ್ಷರದ ಪ್ರಾಸ ಕೆಟ್ಟರೆ ಸಂಪಾದಕರು ಪಾಠವನ್ನು ಶಂಕಿಸುವ ಹಾಗೆಯೇ ಇದು.

ಸ್ಕೀಟ್ ಸಾಮಾನ್ಯವಾಗಿ ಒಂದು ಒಳ್ಳೆಯ ಪ್ರತಿಯನ್ನು ಆಧಾರವಾಗಿಟ್ಟುಕೊಂಡು ಉಳಿದ ಪ್ರತಿಗಳ ಪಾಠಾಂತರಗಳನ್ನು, ಅಂದರೆ ಅವುಗಳಲ್ಲಿ ಬೇರೆಯಾಗಿರುವ ಪದಗಳನ್ನು, ಪುಟದ ಅಡಿಯಲ್ಲಿ ಕೊಡುತ್ತಿದ್ದರು. ಇಪ್ಪತ್ತನೇ ಶತಮಾನದಲ್ಲಿ ಇದೇ ಕಾವ್ಯದ ಇನ್ನೊಬ್ಬ ಸಂಪಾದಕ ಜಾರ್ಜ್ ಕೇನ್ ಇದನ್ನು ಒಪ್ಪಲಿಲ್ಲ. 1960ರಲ್ಲಿ ಎ ಪಾಠವನ್ನೂ, 1975ರಲ್ಲಿ ಟಾಲ್ಬಟ್ ಡೊನಾಲ್ಡ್‌ಸನ್ ಜೊತೆ ಬಿ ಪಾಠವನ್ನೂ ಹೊರತಂದರು. ಉಳಿದಿರುವ ಬಿ ಪ್ರತಿಗಳೆಲ್ಲ ಆಗಲೇ ಕೆಟ್ಟಿದ್ದ ಒಂದೇ ಮೂಲದಿಂದ ಬಂದವು ಎಂದು ವಾದಿಸಿ, ಅನೇಕ ಕಡೆ ಯಾವ ಬಿ ಪ್ರತಿಯಲ್ಲೂ ಇಲ್ಲದ ಪದಗಳನ್ನು ಊಹಿಸಿ ಸೇರಿಸಿದರು. ಅವರ ಪೀಠಿಕೆಯ ತರ್ಕ ಅದ್ಭುತ. ಆದರೂ ಅಷ್ಟು ತಿದ್ದುಪಡಿ ನನಗೆ ಹೆಚ್ಚೆನಿಸುತ್ತದೆ. ಕವಿಯೂ ಒಮ್ಮೊಮ್ಮೆ ನಿಯಮ ಸಡಿಲಿಸಿರಬಹುದಲ್ಲ. ಸಮಾಧಾನದ ವಿಷಯವೆಂದರೆ ಅವರು ಏನು ಬದಲಿಸಿದರು, ಯಾವ ಪ್ರತಿಯಲ್ಲಿ ಏನಿತ್ತು ಎಂಬುದನ್ನು ಮುಚ್ಚಿಡಲಿಲ್ಲ. ಹಾಗಾಗಿ ನನ್ನಂಥ ಓದುಗರೂ ಪುಟದ ಅಡಿಗೆ ಕಣ್ಣು ಹಾಯಿಸಿ ಅವರ ಜೊತೆ ಜಗಳ ಆಡಬಹುದು. ಮುಖಪುಟದ ಹೆಸರು ಆ ಹೊಣೆಯ ಸಹಿ: ಈ ತೀರ್ಮಾನಗಳೆಲ್ಲ ನನ್ನವು, ಕೇಳುವುದಿದ್ದರೆ ನನ್ನನ್ನು ಕೇಳಿ ಎಂದು.

ಹಸ್ತಪ್ರತಿ ಭದ್ರವಾಗಿದೆ ಎಂದಿರಲ್ಲ, ಅದೂ ಪೂರ್ತಿ ನಿಜವಲ್ಲ. 1731ರಲ್ಲಿ ಲಂಡನ್ನಿನ ‘ಕಾಟನ್’ ಹೆಸರಿನ ಹಸ್ತಪ್ರತಿ ಸಂಗ್ರಹಕ್ಕೆ ಬೆಂಕಿ ಬಿದ್ದಾಗ, ಇನ್ನೂ ಹಳೆಯ ಇಂಗ್ಲಿಷಿನ ‘ಬೇವುಲ್ಫ್’ ಕಾವ್ಯದ ಏಕೈಕ ಪ್ರತಿಯ ಅಂಚು ಸುಟ್ಟಿತು. ಆಮೇಲೆ ಅಂಚಿನ ಅಕ್ಷರಗಳು ಉದುರುತ್ತ ಹೋದವು. ಅವುಗಳಲ್ಲಿ ಎಷ್ಟೋ ಇವತ್ತು ನಮಗೆ ಗೊತ್ತಿರುವುದು 1780ರ ದಶಕದಲ್ಲಿ ಥಾರ್ಕೆಲಿನ್ ಎಂಬ ವಿದ್ವಾಂಸರು ತಯಾರು ಮಾಡಿಸಿದ ಮತ್ತು ಮಾಡಿಕೊಂಡ ಎರಡು ನಕಲುಗಳಿಂದ.

ಸ್ಕೀಟ್ ಅವರ ಸಂಪುಟಗಳ ಹಕ್ಕುಸ್ವಾಮ್ಯ ಮುಗಿದಿದೆ, ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಬಿ ಪಾಠದ ಏಳನೇ ಭಾಗದ ಆ ಕ್ಷಮಾಪತ್ರದ ಪ್ರಸಂಗದಿಂದಲೇ ಶುರುಮಾಡಿ. ಭಾಷೆ ಮೊದಲು ಕಾಡುತ್ತದೆ, ಆದರೆ ಟಿಪ್ಪಣಿ, ಅರ್ಥಕೋಶ ಎರಡನ್ನೂ ಸ್ಕೀಟ್ ಕೊಟ್ಟಿದ್ದಾರೆ.